ಗಿಲೀಟು ಸರ

(ಬಂಗಾರಪೇಟೆಯ ಸಭೆಯೊಂದರಲ್ಲಿ ಆಡಿದ ಮಾತು)



ನಾನು ಕೆಜಿಎಫ್‌ನ ಲೈನ್ ಮನೆಯವನು. ತಾತ ಗಣಿಯೊಳಗೆ ಬಂಡೆ ಕೊರೆದವನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ನಮ್ಮೋರು ಚಿನ್ನಕ್ಕಾಗಿ ಇಳಿಯೋದಿಲ್ಲ, ಕೂಲಿಗಾಗಿ ಬೆಂಗಳೂರಿನ ರೈಲು ಹತ್ತುತಾರೆ.

ಡಿಗ್ರಿ ಮುಗಿಸಿ ನಾನೂ ಹತ್ತಿದೆ. ಬಂಗಾರಪೇಟೆ ದಾಟಿದ ಮೇಲೆ ಎದುರಿಗೆ ಕೂತವನು ಕೇಳಿದ, 'ಕೆಜಿಎಫ್‌ನಲ್ಲಿ ಎಲ್ಲಿ?' ಲೈನ್ ಅಂದ್ರೆ ಜಾತಿ ತಿಳೀತದೆ. 'ರಾಬರ್ಟ್‌ಸನ್‌ಪೇಟೆ' ಅಂದೆ. ಕತ್ತಿನಲ್ಲಿ ಗಿಲೀಟು ಸರ, ಕಾಲಲ್ಲಿ ಸಾಲದ ಬೂಟು.

ಆಮೇಲೆ ನಮ್ಮ ಚರಿತ್ರೆ ಓದಿದೆ. 1930ರಲ್ಲಿ ಕಂಪನಿ ಕೂಲಿಗಳ ಬೆರಳಚ್ಚು ಕೇಳಿತು. ಬೆರಳಚ್ಚು ಕೊಡೋಕೆ ನಾವೇನು ಕಳ್ಳರಾ? ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಂಪನಿ ಒಪ್ಪಿದ ಯೂನಿಯನ್ ಆಗ ಇರಲಿಲ್ಲ. ಕೂಲಿ ಕಂಪನಿಯದು, ಮಲಗೋ ಲೈನೂ ಕಂಪನಿಯದು. ಹೆದರಿಕೆ ಇಲ್ಲದೆ ಇದ್ದೀತೇ? ಆದರೂ ನಿಂತರು. ಬರೀ ಕೂಲಿಗಲ್ಲ, ಮಾನಕ್ಕೆ.

ಅವರು ಕಂಪನಿಗೇ ಬೆರಳು ಕೊಡಲಿಲ್ಲ. ನಾನು ದಾರಿಹೋಕನೊಬ್ಬನಿಗೆ ಹೆದರಿ ತಾತನನ್ನೇ ಬಿಟ್ಟುಕೊಟ್ಟಿದ್ದೆ.

ಸರ ಬಿಚ್ಚಿಟ್ಟೆ. ಇನ್ನೊಂದು ದಿನ ಅದೇ ಪ್ರಶ್ನೆ ಬಂತು. ಗಂಟಲು ಒಣಗಿತು. 'ಲೈನ್ ಮನೆ' ಅಂದೆ. ಕೇಳಿದವನು ಕಿಟಕಿ ಕಡೆ ತಿರುಗಿದ. ಅಷ್ಟೇ. ಭೂಮಿ ಬಾಯಿ ಬಿಡಲಿಲ್ಲ.

ದುಡ್ಡು ಬೇಡ ಅಂತ ನಾನು ಹೇಳೋದಿಲ್ಲ. ಹಸಿದವರಿಗೆ ಆ ಉಪದೇಶ ಮಾಡೋರು ಹೊಟ್ಟೆ ತುಂಬಿದವರು. ಕೆಲಸ ಬೇಕು, ಸರಿಯಾದ ಕೂಲಿ ಬೇಕು. ಆದರೆ ಹೆತ್ತವರ ಹೆಸರು ಅಡವಿಟ್ಟು ಅಲ್ಲ.

ಹೆದರಿಕೆ ನನಗೆ ಈಗಲೂ ಇದೆ. ಬಂಡೆ ಸಿಡಿಯೋ ಹೆದರಿಕೆ ತಾತನಿಗೂ ದಿನಾ ಇತ್ತು. ಹೆದರಿಕೊಂಡೇ ಇಳಿದ. ನಾವೂ ಹೆದರಿಕೊಂಡೇ ನಿಜ ಹೇಳೋಣ.