ಕ್ಯಾಸಿನೋಕ್ಕೆ ಹೊರಟ ಕಾಕಾ



ಕಳೆದ ತಿಂಗಳು ನಮ್ಮ ಕನ್ನಡ ಅವಧಿಯಲ್ಲಿ ನಾನು ಆಡಿದ ಮಾತುಗಳಿವು. ಆ ಸಂಜೆ ಮಳೆಗೆ ಲೋಕಲ್ ಗಾಡಿಗಳು ಅಲ್ಲಲ್ಲೇ ನಿಂತು, ಮನೆ ಸೇರಲಾಗದೆ ಕಾರ್ಯಕ್ರಮ ತಪ್ಪಿತೆಂದು ಹಲವರು ಬೇಸರಪಟ್ಟುಕೊಂಡಿರಿ. ನಿಮಗಾಗಿ ಇಲ್ಲಿ ಕೊಡುತ್ತಿದ್ದೇನೆ. ಗಡಿಯಾರದ ಮುಳ್ಳಿಗೆ ಹೆದರಿ ಅಂದು ನುಂಗಿಕೊಂಡ ಕೆಲವು ಸಂಗತಿಗಳನ್ನೂ ಸೇರಿಸಿದ್ದೇನೆ.

ನಿವೃತ್ತರಾದವರು ದಿನ ಹೇಗೆ ಕಳೆಯುತ್ತೀರಿ ಎಂದು ಒಮ್ಮೆ ನಮ್ಮ ಫೋನ್-ಇನ್‌ನಲ್ಲಿ ಕೇಳಿದ್ದೆ. ನೆನಪಿದೆಯಲ್ಲ? ವಾಕಿಂಗ್ ಎಂದರು ಒಬ್ಬರು. ಭಜನಾ ಮಂಡಳಿ ಎಂದರು ಇನ್ನೊಬ್ಬರು. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವುದು ಎಂದರು ಮುಲುಂಡಿನ ಒಬ್ಬ ತಾಯಿ. ಆಮೇಲೆ ಡೊಂಬಿವಲಿಯಿಂದ ಒಂದು ಕರೆ. "ನಾ ಕ್ಯಾಸಿನೋಕ್ಕ ಹೋಗ್ತಿದ್ದೆನವಾ. ವಾರಕ್ಕೊಮ್ಮೆ. ಬಸ್ಸಿನ್ಯಾಗ!"

ಗಾಜಿನ ಆಚೆ ಕೂತಿದ್ದ ನಮ್ಮ ತಂತ್ರಜ್ಞರು ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ಏನು ಹೇಳಬೇಕೋ ತೋಚದೆ ಹಾಡು ಹಾಕಿಬಿಟ್ಟೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಹುಡುಕಿಕೊಂಡು ಅವರ ಮನೆಗೇ ಹೋದೆ. ಕಥೆ ಹೇಳು, ಹೆಸರು ಹೇಳಬೇಡ ಎಂಬ ಷರತ್ತಿನ ಮೇಲೆ ಅವರು ಹೇಳಿದರು. ಆದ್ದರಿಂದ ನಮಗೆ ಅವರು ಬರೀ ಕಾಕಾ. ವಯಸ್ಸು ಎಂಬತ್ತು ದಾಟಿದೆ. ಮೂಲ ಧಾರವಾಡ. ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು 2004ರಲ್ಲಿ ನಿವೃತ್ತರಾದವರು.

ಕ್ಯಾಸಿನೋಕ್ಕೆ ಮೊದಲು ಲೋಕಲ್ ಗಾಡಿಯ ಮಾತು ಬರಬೇಕು. ಮಧ್ಯ ರೈಲ್ವೆಯಲ್ಲಿ ಓಡಾಡುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಫಾಸ್ಟ್ ಗಾಡಿ, ಎದುರುಬದುರು ನಾಲ್ವರು, ಮೊಣಕಾಲ ಮೇಲೆ ಒಂದು ಬ್ರೀಫ್‌ಕೇಸ್, ಅದರ ಮೇಲೆ ಇಸ್ಪೀಟು. ಕಾಕಾ ಆಡುತ್ತಿದ್ದದ್ದು ಮೆಂಡಿಕೋಟ್. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಹತ್ತರ ಎಲೆಗಳನ್ನು ಯಾರು ಹೆಚ್ಚು ಹಿಡಿಯುತ್ತಾರೋ ಅವರು ಗೆದ್ದಂತೆ. ಡೊಂಬಿವಲಿಯಿಂದ ವಿ.ಟಿ.ವರೆಗೆ ಒಂದು ಗಂಟೆ ಚಿಲ್ಲರೆ. ಒಬ್ಬರು ಮರಾಠಿಯವರು, ಒಬ್ಬರು ಸಿಂಧಿ, ಒಬ್ಬರು ಪಾಲ್ಘಾಟಿನವರು, ಕಾಕಾ ನಮ್ಮವರು. ಇಪ್ಪತ್ತಾರು ವರ್ಷ ಅದೇ ಡಬ್ಬಿ. ಮಗಳ ಮದುವೆ, ತಂದೆಯ ಸಾವು, ಬಡ್ತಿ ತಪ್ಪಿದ್ದು, ಎಲ್ಲವೂ ಅಲ್ಲೇ ಎಲೆ ಹಂಚುತ್ತ ಹೇಳಿಕೊಂಡದ್ದು.

ನಿವೃತ್ತಿಯ ದಿನ ಆಫೀಸಿನಲ್ಲಿ ಹಾರ ಹಾಕಿದರು, ಭಾಷಣ ಮಾಡಿದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಎದ್ದು ಕೂತು ಕಾಕಾಗೆ ಹೊಳೆದದ್ದು ಬ್ಯಾಂಕು ಹೋಯಿತೆಂದಲ್ಲ, ಗಾಡಿ ಹೋಯಿತೆಂದು. "ಬ್ಯಾಂಕಿನವರು ಪಿಂಚಣಿ ಕೊಟ್ರು. ಆ ಡಬ್ಬಿಗೆ ಪಿಂಚಣಿ ಎಲ್ಲೈತಿ?" ಅಂದರು.

2006ರಲ್ಲಿ ಕಾಕಾ, ಕಾಕು ಇಬ್ಬರೂ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿಗೆ ಮಗನ ಮನೆಗೆ ಹೋದರು. ಆರು ತಿಂಗಳ ಪ್ರವಾಸ. ನಿಮ್ಮಲ್ಲಿ ಎಷ್ಟೋ ಮಂದಿ ಹೋಗಿ ಬಂದಿದ್ದೀರಿ, ಆ ಮನೆಗಳ ಹಗಲು ನಿಮಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಕಾರು ಹತ್ತಿದರೆ ಬರುವುದು ರಾತ್ರಿ ಏಳಕ್ಕೆ. ರಸ್ತೆಯಲ್ಲಿ ನಡೆಯುವವರೇ ಇಲ್ಲ. ಓಕ್ ಟ್ರೀ ರಸ್ತೆಯಲ್ಲಿ ಸಾಲಾಗಿ ನಮ್ಮ ದೇಶದ ಅಂಗಡಿಗಳಿವೆ ನಿಜ, ಆದರೆ ಕಾರಿಲ್ಲದೆ ಅಲ್ಲಿಗೆ ಮುಟ್ಟುವುದು ಹೇಗೆ? ಕಾಕು ಹೊಸ ಅಡುಗೆಮನೆಯನ್ನು ಗೆದ್ದುಕೊಂಡರು. ಕಾಕಾ ಕಿಟಕಿ ಪಕ್ಕ ಕೂತು ಅಂಚೆಯವನ ದಾರಿ ಕಾದರು.

ಎರಡು ತಿಂಗಳು ಹೀಗೇ ಕಳೆದ ಮೇಲೆ ಪಕ್ಕದ ಗುಜರಾತಿ ಹಿರಿಯರೊಬ್ಬರು ಹೇಳಿದರಂತೆ: ನಾಳೆ ಬಸ್ಸಿದೆ, ಬನ್ನಿ.

ಅಟ್ಲಾಂಟಿಕ್ ಸಿಟಿಯ ಬಸ್ಸು ಅದು. ಆ ಊರಿನ ಬಗ್ಗೆ ನಾಲ್ಕು ಮಾತು. ಸಮುದ್ರದ ದಂಡೆಯ ಹಳೆಯ ವಿಹಾರದೂರು. ಮರದ ಹಲಗೆ ಹಾಸಿದ ಅಲ್ಲಿನ ಕಾಲುದಾರಿ, ಬೋರ್ಡ್‌ವಾಕ್, ಮೊದಲು ಕಟ್ಟಿದ್ದು 1870ರಲ್ಲಿ. ಅಮೆರಿಕದ ಮೊನಾಪಲಿ ಆಟದ ಹಲಗೆಯ ಮೇಲಿರುವ ಬೀದಿಗಳ ಹೆಸರು ಬಹುತೇಕ ಈ ಊರಿನವೇ. ನಾವು ಚಿಕ್ಕಂದಿನಲ್ಲಿ ಆಡಿದ 'ಬಿಸಿನೆಸ್' ಅದರ ತಮ್ಮ. ಜನ ವಿಮಾನ ಹತ್ತಿ ಬೇರೆ ಬೇರೆ ಕಡೆ ಹೋಗತೊಡಗಿದ ಮೇಲೆ ಊರು ಸೊರಗಿತು. 1976ರಲ್ಲಿ ರಾಜ್ಯದ ಮತದಾರರು ಅಲ್ಲಿ ಮಾತ್ರ ಜೂಜಿಗೆ ಒಪ್ಪಿಗೆ ಕೊಟ್ಟರು. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೋ ತೆರೆಯಿತು. ಅಲ್ಲಿಯವರೆಗೆ ಅಮೆರಿಕದಲ್ಲಿ ಕಾನೂನುಬದ್ಧ ಕ್ಯಾಸಿನೋ ಇದ್ದದ್ದು ನೆವಾಡಾ ರಾಜ್ಯದಲ್ಲಷ್ಟೇ. ಒಂದು ತಮಾಷೆ ಕೇಳಿ. ಕ್ಯಾಸಿನೋಗಳ ಆದಾಯದ ಮೇಲೆ ಹಾಕಿದ ನೂರಕ್ಕೆ ಎಂಟರ ತೆರಿಗೆ ಹೋಗುವುದು ವೃದ್ಧರ ಮತ್ತು ಅಂಗವಿಕಲರ ನೆರವಿನ ನಿಧಿಗೆ. ಎಂದರೆ ಅಜ್ಜಂದಿರು ಅಲ್ಲಿ ಸೋತು ಬಂದ ಹಣದಲ್ಲಿ ಒಂದು ಪಾಲು ಅಜ್ಜಂದಿರ ಔಷಧಿಗೇ ವಾಪಸ್ಸು!

ಎಡಿಸನ್ನಿನಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ಟಿಗೆ ಕೊಟ್ಟದ್ದರಲ್ಲಿ ಬಹುಪಾಲನ್ನು ಕ್ಯಾಸಿನೋದವರು ಕೂಪನ್ನಾಗಿ ಕೈಗೆ ತುಂಬುತ್ತಿದ್ದರು. ಹಿಂದೆ ನಾಣ್ಯದ ಸುರುಳಿಯನ್ನೇ ಕೊಡುವುದಿತ್ತು. ಐದಾರು ಗಂಟೆ ಬಿಟ್ಟು ಅದೇ ಬಸ್ಸು ವಾಪಸ್ಸು. ಒಳಗೆ ನೋಡಿದರೆ ಬಹುತೇಕ ಬಿಳಿ ತಲೆಗಳು. ಊರುಗೋಲು, ಸ್ವೆಟರು, ಡಬ್ಬಿಯಲ್ಲಿ ತಿಂಡಿ. ಕಾಕಾ ಹತ್ತಿದವರೇ ಸೀಟಿಗಾಗಿ ನೋಡುತ್ತ ನಿಂತಾಗ ಒಬ್ಬ ಅಜ್ಜಿ ತನ್ನ ಚೀಲ ಎತ್ತಿ ಜಾಗ ಕೊಟ್ಟರು. ಇಟಲಿ ಮೂಲದವರು, ನಿವೃತ್ತ ಶಾಲಾ ಶಿಕ್ಷಕಿ. ಹಿಂದಿನ ಸೀಟಿನಲ್ಲಿ ಒಬ್ಬ ನಿವೃತ್ತ ಅಂಚೆಪೇದೆ. ಪಕ್ಕದಲ್ಲಿ ಗುಜರಾತಿ ಹಿರಿಯರು. ನಾಲ್ವರು! ಬ್ರೀಫ್‌ಕೇಸ್ ಒಂದೇ ಇಲ್ಲದ್ದು.

ಆ ದಿನಗಳ ದಿನಚರಿಯನ್ನು ಕಾಕಾ ಬ್ಯಾಂಕಿನ ಲೆಡ್ಜರ್ ಓದಿದಂತೆ ಒಪ್ಪಿಸಿದರು. ಬಸ್ಸಿಳಿದು ಕೂಪನ್. ಆಮೇಲೆ ಬೋರ್ಡ್‌ವಾಕಿನ ಮೇಲೆ ಅರ್ಧ ಗಂಟೆ ನಡಿಗೆ, ಕಡಲಹಕ್ಕಿಗಳಿಗೆ ಬೈಗುಳ. 1990ರಲ್ಲಿ ಕಟ್ಟಿದ್ದ 'ತಾಜ್ ಮಹಲ್' ಎಂಬ ಕ್ಯಾಸಿನೋ ಆಗಿನ್ನೂ ಇತ್ತು, ಗುಮ್ಮಟಗಿಮ್ಮಟ ಸಮೇತ. ಅದು 2016ರಲ್ಲಿ ಮುಚ್ಚಿತು. ಆಗ್ರಾದ್ದನ್ನು ಕಾಕಾ ಇವತ್ತಿಗೂ ನೋಡಿಲ್ಲ. ಹನ್ನೊಂದಕ್ಕೆ ಯಂತ್ರಗಳ ಮುಂದೆ. ಒಂದು ಗಂಟೆಗೆ ಊಟ. ಕಾಕು ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಯನ್ನು ಹೊರಗಿನ ಬೆಂಚಿನ ಮೇಲೆ ಹಂಚಿಕೊಂಡು ತಿನ್ನುವುದು. ಟೀಚರಮ್ಮನಿಗೆ ಆ ಚಟ್ನಿಯ ಹುಚ್ಚು ಹಿಡಿಯಿತಂತೆ. ಮತ್ತೆ ಆಟ, ಕಾಫಿ, ಬಸ್ಸು.

ಕ್ಯಾಷಿಯರ್ ಬುದ್ಧಿ ಎಲ್ಲಿ ಹೋಗುತ್ತದೆ ಹೇಳಿ? ಮೊದಲ ದಿನ ಕಾಕಾ ಒಂದು ಪೈಸೆ ಹಾಕದೆ ರೂಲೆಟ್ ಚಕ್ರದ ಹತ್ತಿರ ಒಂದು ತಾಸು ನಿಂತು ಲೆಕ್ಕ ಮಾಡಿದರು. ಅಮೆರಿಕದ ಚಕ್ರದಲ್ಲಿ 38 ಮನೆ. ಒಂದರಿಂದ ಮೂವತ್ತಾರು, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಎಲ್ಲ ಮನೆಗೂ ಒಂದೊಂದು ಡಾಲರ್ ಇಟ್ಟರೆ 38 ಹೋಯಿತು. ಗೆದ್ದ ಮನೆಗೆ 35, ಜೊತೆಗೆ ಇಟ್ಟ ಒಂದು, ಒಟ್ಟು 36 ಬಂತು. ಪ್ರತಿ ಸುತ್ತಿಗೂ ಎರಡು ಡಾಲರ್ ಮನೆಯ ಯಜಮಾನನಿಗೆ. "ಇದು ಜೂಜಲ್ಲವಾ, ಕಮಿಷನ್ನು" ಅಂದರು ಕಾಕಾ.

ಸ್ಲಾಟ್ ಯಂತ್ರದ ಲೆಕ್ಕ ಇನ್ನೂ ಸ್ವಾರಸ್ಯ. ಒಳಗಿರುವ ಕಂಪ್ಯೂಟರು ಪ್ರತಿ ಸಲವೂ ಹೊಸದಾಗಿ ಅಂಕಿ ಎತ್ತುತ್ತದೆ, ಹಿಂದಿನ ಸೋಲಿನ ನೆನಪು ಅದಕ್ಕಿಲ್ಲ. ಇಷ್ಟು ಹೊತ್ತು ಕೊಟ್ಟಿಲ್ಲ, ಇನ್ನು ಕೊಟ್ಟೀತು ಎಂಬುದೆಲ್ಲ ನಮ್ಮ ಭ್ರಮೆ. ಹಾಕಿದ್ದರಲ್ಲಿ ನೂರಕ್ಕೆ 83 ಆದರೂ ಸರಾಸರಿ ಹಿಂತಿರುಗಬೇಕೆಂದು ನ್ಯೂಜೆರ್ಸಿಯ ನಿಯಮ. ಯಂತ್ರ ತೊಂಬತ್ತು ಕೊಡುತ್ತದೆಂದೇ ಹಿಡಿಯೋಣ. ಒಂದು ಸಲಕ್ಕೆ ಅರ್ಧ ಡಾಲರಿನಂತೆ, ಆರು ಸೆಕೆಂಡಿಗೊಮ್ಮೆ ಗುಂಡಿ ಒತ್ತಿದರೆ ಗಂಟೆಗೆ ಆರುನೂರು ಸಲ. ಮುನ್ನೂರು ಡಾಲರ್ ಉರುಳುತ್ತದೆ, ಮೂವತ್ತು ಉಳಿಯದೆ ಹೋಗುತ್ತದೆ. ಅದೇ ನಿಮಿಷಕ್ಕೊಮ್ಮೆ ಒತ್ತಿದರೆ? ಗಂಟೆಗೆ ಬರೀ ಮೂರು ಡಾಲರ್. ನಿಮಿಷಕ್ಕೊಮ್ಮೆ ಒತ್ತುವುದು ಹೇಗೆ? ಪಕ್ಕದವರೊಡನೆ ಮಾತಾಡುತ್ತ ಕೂತರೆ ತಾನಾಗಿ ಆಗುತ್ತದೆ. ಅಂಚೆಪೇದೆಯ ನಾಯಿಯ ಕಥೆ ಮುಗಿಯುವವರೆಗೆ ಗುಂಡಿಗೆ ಕೈ ಹೋಗುವುದಿಲ್ಲ. ಈ ಹಿರಿಯರು ಹರಟೆ ಹೊಡೆದೇ ಕ್ಯಾಸಿನೋವನ್ನು ಅಷ್ಟಿಷ್ಟು ಸೋಲಿಸಿದ್ದರು!

ಆದರೆ ಯಂತ್ರ ಮಾಡುವವರು ದಡ್ಡರಲ್ಲ. ಮೊದಲು ಎಳೆಯುವ ಹಿಡಿ ಇತ್ತು, ಗುಂಡಿ ಬಂತು. ನಾಣ್ಯ ಹಾಕಬೇಕಿತ್ತು, ಕಾಗದದ ಚೀಟಿ ಬಂತು. ಕೈಗೂ ಯಂತ್ರಕ್ಕೂ ನಡುವೆ ಇದ್ದ ಬಿಡುವನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದರು. ಜೊತೆಗೆ ಸದಸ್ಯತ್ವದ ಕಾರ್ಡು. ಅದನ್ನು ಯಂತ್ರಕ್ಕೆ ತೂರಿಸಿದರೆ ಪರದೆಯ ಮೇಲೆ ಹೆಸರು ಹಿಡಿದು ಸ್ವಾಗತ. ಎಷ್ಟು ಆಡಿದಿರಿ, ಎಷ್ಟು ಹೊತ್ತು ಆಡಿದಿರಿ, ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ. ಮಗನ ಮನೆಯಲ್ಲಿ ಹಗಲೆಲ್ಲ ತಮ್ಮ ಹೆಸರು ಕೂಗುವವರಿರಲಿಲ್ಲ, ಇಲ್ಲಿ ಯಂತ್ರ ಕೂಗಿತು ಎಂದು ಕಾಕಾ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಹೆಸರು ಹಿಡಿದು ಕರೆದು ಮಾತಾಡಿಸುವುದು ನನ್ನ ಕಸುಬೂ ಹೌದಲ್ಲವೇ?

ಹದಿಮೂರನೆಯ ಸಲ ಹೋದಾಗ ಬಸ್ಸಿನಲ್ಲಿ ಟೀಚರಮ್ಮ ಇರಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ. ಗುಜರಾತಿ ಹಿರಿಯರು ಮಗಳ ಮನೆಗೆ ಹೋಗಿದ್ದರು. ಅಂಚೆಪೇದೆ ಬಂದಿದ್ದರೂ ನೆಗಡಿಯೆಂದು ಒಂದು ಕುರ್ಚಿ ಹಿಡಿದು ಕಣ್ಣು ಮುಚ್ಚಿದರು. ಕಾಕಾ ಒಬ್ಬರೇ ಯಂತ್ರದ ಮುಂದೆ ಕೂತರು. ಚಪಾತಿ ಡಬ್ಬಿ ತೆರೆಯಲಿಲ್ಲ. ಸಮುದ್ರದ ಕಡೆ ಹೋಗಲಿಲ್ಲ. ಅರ್ಧ ಡಾಲರ್ ಒಂದಾಯಿತು, ಒಂದು ಎರಡಾಯಿತು. ಹಸಿವಾಗಲಿಲ್ಲ, ಬಾಯಾರಿಕೆಯಾಗಲಿಲ್ಲ ಎಂದರು. ಎದ್ದಾಗ ನಾಲ್ಕೂವರೆ ಗಂಟೆ ಆಗಿತ್ತು, 180 ಡಾಲರ್ ಹೋಗಿತ್ತು. ಮುಂಬಯಿಗೆ ಒಯ್ಯಲು ಬಾದಾಮಿ, ಸೆಂಟು, ಚಾಕಲೇಟು ಎಂದು ಕಾಕು ತೆಗೆದಿಟ್ಟಿದ್ದ ದುಡ್ಡು ಅದು.

ತಮ್ಮ ಲೆಕ್ಕದ ಪುಸ್ತಕ ತಂದು ತೋರಿಸಿದರು. ಮೊದಲ ಹನ್ನೆರಡು ದಿನಗಳಲ್ಲಿ ಸೋತದ್ದು ಒಟ್ಟು 194 ಡಾಲರ್. ಹದಿಮೂರನೆಯ ಒಂದೇ ದಿನ 180. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ.

"ರೊಕ್ಕ ಎಷ್ಟು ಕಳಕೊಂಡ್ರಿ ಅಂತ ಎಲ್ಲಾರೂ ಕೇಳ್ತಾರ. ಹನ್ನೆರಡು ದಿನಾ ನಾ ಕಳಕೊಂಡಿಲ್ಲವಾ, ಕೊಟ್ಟೇನಿ. ಒಂದು ದಿನಾ ಕಳಕೊಂಡೆ." ನಾನು ಆ ಮಾತನ್ನು ಪೂರ್ತಿ ಒಪ್ಪಲಾರೆ. ಜಾಗ ಕೊಟ್ಟದ್ದೂ ಅದೇ ಕ್ಯಾಸಿನೋ, ಒಂಟಿಯಾಗಿ ಸಿಕ್ಕ ದಿನ ಬೋಳಿಸಿದ್ದೂ ಅದೇ. ಆದರೆ ಬೇರೆ ಯಾವ ಜಾಗ ಅವರಿಗಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಕಾಕುಗೆ ವಿಷಯ ಹೇಳಿದ್ದು ವಾಪಸ್ಸು ಬರುವ ವಿಮಾನದಲ್ಲಿ, ಅಟ್ಲಾಂಟಿಕ್ ಸಮುದ್ರದ ಮೇಲೆ. ಅಲ್ಲಿ ಜೋರಾಗಿ ಬೈಯಲಾರಳು ಎಂಬ ಧೈರ್ಯ. ಚಹಾ ತಂದಿಟ್ಟ ಕಾಕು ನನಗೆ ಹೇಳಿದರು: "ವಿಮಾನ ನಿಲ್ಲಸೋ ಹಂಗಿದ್ರ ಅಲ್ಲೇ ಇಳಸಿ ಬರ್ತಿದ್ದೆ!" ಟೀಚರಮ್ಮನ ಕ್ರಿಸ್‌ಮಸ್ ಕಾರ್ಡು ಮಗನ ವಿಳಾಸಕ್ಕೆ 2011ರವರೆಗೆ ಬರುತ್ತಿತ್ತು. ಕ್ಯಾಸಿನೋದ ಹುಟ್ಟುಹಬ್ಬದ ಕಾರ್ಡು ಮತ್ತೆರಡು ವರ್ಷ ಹೆಚ್ಚು ಬಂತು.

ಅಷ್ಟು ದೂರ ಯಾಕೆ, ನಮ್ಮ ಗೋವಾದಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 1992ರಲ್ಲಿ ಅಲ್ಲಿನ ಕಾನೂನು ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ, 1996ರಲ್ಲಿ ಹಡಗುಗಳ ಮೇಲೆ ಮೇಜಿನಾಟಕ್ಕೆ ಅವಕಾಶ ಕೊಟ್ಟರು. ಪಣಜಿಯ ಮಾಂಡೋವಿ ನದಿಯಲ್ಲಿ ದೀಪ ಹೊತ್ತಿಸಿಕೊಂಡು ನಿಂತಿರುತ್ತವಲ್ಲ, ಅವೇ. ನಮ್ಮ ಅಂದರ್-ಬಾಹರ್‌ಗೂ ಅಲ್ಲಿ ಮೇಜುಂಟು. ಕಾಕಾರನ್ನು ಅಳಿಯ ಒಮ್ಮೆ ಕರೆದೊಯ್ದರಂತೆ. "ಡಿ.ಜೆ. ಗದ್ದಲದಾಗ ಪಕ್ಕದವನ ಮಾತ ಕೇಳಸಂಗಿಲ್ಲ. ಮಾತಿಲ್ಲದ ಮ್ಯಾಲೆ ಏನದು?" ಮುಂದೆ ಮೊಬೈಲಿನಲ್ಲಿ ರಮ್ಮಿ ಬಂತು. ಹಣ ಕಟ್ಟಿ ಆಡುವ ಅಂಥ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಕಾಕಾ ಅದನ್ನು ಮುಟ್ಟಿಯೇ ಇರಲಿಲ್ಲ. ಎದುರಿಗೆ ಮುಖ ಕಾಣದ ಆಟ ಹೇಗಿರುತ್ತದೆಂದು ಹದಿಮೂರನೆಯ ದಿನವೇ ನೋಡಿಯಾಗಿತ್ತು.

ಈಗ ಅವರ ಸೊಸೈಟಿಯ ತೋಟದಲ್ಲಿ, ಬಾದಾಮಿ ಮರದ ಕೆಳಗಿನ ಸಿಮೆಂಟು ಬೆಂಚಿನ ಮೇಲೆ ದಿನಾ ಸಂಜೆ ಮೆಂಡಿಕೋಟ್. ಸೋತ ಜೋಡಿ ಕಟಿಂಗ್ ಚಹಾ ಕುಡಿಸಬೇಕು. ಲೋಕಲ್ ಗಾಡಿಯ ಆ ಪಾಲ್ಘಾಟಿನವರೂ ಅಲ್ಲಿಗೆ ಬರುತ್ತಾರೆ. ಆದರೆ ನಾಲ್ಕನೆಯವರು ಕಳೆದ ದೀಪಾವಳಿಗೆ ಪುಣೆಯ ಮಗನ ಮನೆಗೆ ಹೋದವರು ಇನ್ನು ಬರುವುದಿಲ್ಲವಂತೆ. ಮೆಂಡಿಕೋಟಿಗೆ ನಾಲ್ವರು ಬೇಕು. ಮೂವರು ಎಲೆ ಕಲಸಿ ಇಟ್ಟುಕೊಂಡು ಮಾತಾಡಿ ಎದ್ದು ಹೋಗುತ್ತಿದ್ದಾರೆ.

ಇದನ್ನು ರೇಡಿಯೋದಲ್ಲಿ ಹೇಳು ಎಂದರು ಕಾಕಾ. ಖಾಸಗಿ ಪ್ರಕಟಣೆ ಓದುವಂತಿಲ್ಲ ಎಂದೆ. ಪತ್ರಿಕೆಗೂ ಆ ನಿಯಮ ಇದೆಯೋ ಇಲ್ಲವೋ, ನಾನು ಕೇಳಲು ಹೋಗಿಲ್ಲ. ಡೊಂಬಿವಲಿ ಪೂರ್ವದಲ್ಲಿ ಇರುವವರು, ಹತ್ತರ ಎಲೆಯ ಬೆಲೆ ಬಲ್ಲವರು, ಸಂಜೆ ನಾಲ್ಕೂವರೆಗೆ ಬಿಡುವಿರುವವರು ನಮ್ಮ ಕನ್ನಡ ಅವಧಿಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ನಾನು ತಲುಪಿಸುತ್ತೇನೆ. ಕನ್ನಡ ಬರದಿದ್ದರೂ ಸರಿ. ಬಾಯಿ ಮುಚ್ಚಿಕೊಂಡು ಆಡುವವರು ಮಾತ್ರ ಬೇಡವಂತೆ.