ಹೇಳದೆ ಹೋಗುವ ಅತಿಥಿಗಳು



ಕೆಲವು ವರ್ಷಗಳ ಹಿಂದೆ ಕೆರೆಯ ಹಕ್ಕಿಗಳ ಬಗ್ಗೆ ಒಂದು ಕಾರ್ಯಕ್ರಮ ತಯಾರಿಸುವ ಕೆಲಸ ನನಗೆ ಬಂತು. ಜನವರಿಯ ಒಂದು ಬೆಳಿಗ್ಗೆ ಹೊಸಕೋಟೆಯ ದೊಡ್ಡಕೆರೆಗೆ ಹೋಗಿ ಜಾಗ ನೋಡಿಕೊಂಡು ಬಂದೆ. ನೀರಿನ ಮೇಲೆ ಸೂಜಿಬಾಲದ ಬಾತು, ಗಾರ್ಗನಿ ಬಾತುಗಳ ಹಿಂಡು. ಅಂಚಿನ ಕೆಸರಿನಲ್ಲಿ ಗದ್ದೆಗೊರವಗಳ ಓಡಾಟ. ಕ್ಯಾಮೆರಾ, ವಾಹನ, ಸಹೋದ್ಯೋಗಿಗಳ ಬಿಡುವು ಎಲ್ಲವನ್ನೂ ಹೊಂದಿಸಿಕೊಂಡು ಮತ್ತೆ ಹೋಗುವಷ್ಟರಲ್ಲಿ ಏಪ್ರಿಲ್ ಮೂರನೆಯ ವಾರವಾಗಿತ್ತು. ನಾಮದ ಕೋಳಿಗಳಿದ್ದವು, ಗುಳುಮುಳುಕಗಳಿದ್ದವು. ನಾನು ನೋಡಿದ್ದ ಬಾತುಗಳು ಮಾತ್ರ ಒಂದೂ ಇರಲಿಲ್ಲ.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಯುಗಾದಿ ಹೊತ್ಗೆ ಹೊಂಟೋದ್ವು ಸ್ವಾಮಿ” ಎಂದರು. ಯಾವ ದಿನ ಹೋದವು ಎಂದೆ. ಅವರು ನಕ್ಕರು. “ಹೋಗೋವಾಗ ಹೇಳಿ ಹೋಗ್ತಾವಾ?”

ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ವಸಂತವೆಂದರೆ ಹಕ್ಕಿಗಳು ಬರುವ ಕಾಲವೆಂದು ಪಾಶ್ಚಾತ್ಯ ಪುಸ್ತಕಗಳಲ್ಲಿ ಓದಿರುತ್ತೀರಿ. ಅಲ್ಲಿ ಅದು ನಿಜ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಫಾಲ್ಗುಣ, ಚೈತ್ರಗಳು ವಲಸೆ ಹಕ್ಕಿಗಳ ಬೀಳ್ಕೊಡುಗೆಯ ಕಾಲ. ಹಾಗೆಂದು ಎಲ್ಲ ಹಕ್ಕಿಗಳೂ ಹೊರಡುವುದಿಲ್ಲ. ಇದೇ ದಿನಗಳಲ್ಲಿ ಟಿಟ್ಟಿಭ ಬರಿನೆಲದ ಕಲ್ಲುಗಳ ನಡುವೆ ಮೊಟ್ಟೆಯಿಡತೊಡಗುತ್ತದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಉಣಿಸುತ್ತಿರುತ್ತವೆ. ಒಂದೇ ಋತುವಿನಲ್ಲಿ ಕೆಲವಕ್ಕೆ ಬಾಣಂತನ, ಕೆಲವಕ್ಕೆ ಪ್ರಯಾಣ.

ಹೊರಡುವ ಹೊತ್ತಾಯಿತೆಂದು ಹಕ್ಕಿಗೆ ತಿಳಿಯುವುದು ಹೇಗೆ? 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಎಂಬ ವಿಜ್ಞಾನಿ, ಕೊರೆಯುವ ಚಳಿಯಲ್ಲಿ ಗೂಡಿನೊಳಗಿಟ್ಟ ಜುಂಕೊ ಹಕ್ಕಿಗಳಿಗೆ ವಿದ್ಯುದ್ದೀಪ ಉರಿಸಿ ಹಗಲನ್ನು ಕೃತಕವಾಗಿ ಉದ್ದ ಮಾಡಿದರು. ಚಳಿ ಕಡಿಮೆಯಾಗದಿದ್ದರೂ ಅವುಗಳ ಜನನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಹಗಲಿನ ಉದ್ದವೇ ಹಕ್ಕಿಗೆ ಪಂಚಾಂಗವೆಂಬುದು ಹೀಗೆ ತಿಳಿಯಿತು. ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಕ್ಕಿಯ ದೇಹದೊಳಗೆ ವರ್ಷದ ಗಡಿಯಾರವೊಂದು ನಡೆಯುತ್ತಿರುತ್ತದೆ. ಹಗಲಿನ ಈ ಸಣ್ಣ ಬದಲಾವಣೆಯೂ ಅದನ್ನು ಸರಿಪಡಿಸಲು ನೆರವಾಗುತ್ತದೆ.

ಈ ಸಿದ್ಧತೆಯನ್ನು ನೀವು ಕಣ್ಣಾರೆ ಕಾಣಬಹುದು. ಡಿಸೆಂಬರಿನಲ್ಲಿ ಮಾಸಲಾಗಿದ್ದ ಹಳದಿ ಸಿಪಿಲೆಯ ಗಂಡು ಮಾರ್ಚಿಯಲ್ಲಿ ಅರಿಶಿನ ಬಳಿದಂತೆ ಹೊಳೆಯುತ್ತದೆ. ಗಾರ್ಗನಿ ಗಂಡಿನ ಕಣ್ಣಿನ ಮೇಲೆ ಬಿಳಿಯ ಪಟ್ಟೆ ಎದ್ದು ಕಾಣುತ್ತದೆ. ಗದ್ದೆಗೊರವಗಳು ಬಿಡುವಿಲ್ಲದೆ ಕೆಸರು ಕುಕ್ಕಿ ಹುಳು, ಬಸವನಹುಳು, ಕೀಟದ ಮರಿಗಳನ್ನು ತಿನ್ನುತ್ತವೆ. ತಿಂದದ್ದು ಕೊಬ್ಬಾಗುತ್ತದೆ, ಆ ಕೊಬ್ಬೇ ದಾರಿಯ ಬುತ್ತಿ. ದೂರ ಹಾರುವ ಕೆಲವು ಚಿಕ್ಕ ಹಕ್ಕಿಗಳ ತೂಕ ಹೊರಡುವ ಮುನ್ನ ಇಮ್ಮಡಿಯ ಹತ್ತಿರಕ್ಕೂ ಏರುವುದುಂಟು.

ಹಾಗಾಗಿ ನೀರು ಇಳಿದಾಗ ಕಾಣುವ ಕೆಸರಿನ ಅಂಚು ಪಾಳುಜಾಗವಲ್ಲ, ಅದು ಹಕ್ಕಿಗಳ ಊಟದ ಪಂಕ್ತಿ. ನಮ್ಮ ಕೆರೆಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಇಳಿಯುತ್ತಿದ್ದವು. ಈಗ ಈ ಭಾಗದಲ್ಲಿ ಒಂದು ಬದಲಾವಣೆಯಾಗಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಕೊಡುವ ಯೋಜನೆಯೂ ಬಂದಿದೆ. ಬತ್ತಿದ ಕೊಳವೆಬಾವಿಗಳ ರೈತನಿಗೆ ಇದು ದೊಡ್ಡ ಆಸರೆ, ಅದನ್ನು ಅಲ್ಲಗಳೆಯಲಾಗದು. ಆದರೆ ವರ್ಷವಿಡೀ ತುಂಬಿರುವ ಆಳದ ಕೆರೆ ನೀರುಕಾಗೆಗೆ, ಹೆಜ್ಜಾರ್ಲೆಗೆ ಅನುಕೂಲ. ಗಿಡ್ಡ ಕಾಲಿನ ಗದ್ದೆಗೊರವಕ್ಕೆ ಅಲ್ಲಿ ನಿಲ್ಲಲು ನೆಲೆಯಿಲ್ಲ. ಬುತ್ತಿ ಕಟ್ಟುವ ಹೊತ್ತಿನಲ್ಲಿ ಅಡುಗೆಮನೆ ಮುಚ್ಚಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಬೇಕಾದರೆ ಕೆರೆ ಕೆರೆಗೂ ಲೆಕ್ಕ ಬೇಕು.

ಲೆಕ್ಕವೇನೋ ನಡೆಯುತ್ತದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾಯಿತು; ಆದರೆ ಅದು ನಡೆಯುವುದು ಜನವರಿಯಲ್ಲಿ. 2007ರಲ್ಲಿ ಬೆಂಗಳೂರಿನಿಂದಲೇ ಆರಂಭವಾದ ‘ಮೈಗ್ರೆಂಟ್‌ವಾಚ್’ ಯೋಜನೆ ವಲಸೆ ಹಕ್ಕಿಗಳ ಆಗಮನ, ನಿರ್ಗಮನಗಳ ದಿನಾಂಕಗಳನ್ನು ಜನಸಾಮಾನ್ಯರಿಂದ ಕಲೆಹಾಕಿತು. ಬಂದ ದಿನವನ್ನು ಬರೆಯುವುದು ಸುಲಭ, ಹಕ್ಕಿ ಕಂಡರೆ ಸಾಕು. ಹೋದ ದಿನ ಹಾಗಲ್ಲ. ಇಂದು ಕಂಡದ್ದು ಕೊನೆಯದೆಂದು ಇಂದೇ ತಿಳಿಯುವುದಿಲ್ಲ. ಮುಂದಿನ ವಾರ ಹೋಗಬೇಕು, ಅದರ ಮುಂದಿನ ವಾರವೂ ಹೋಗಬೇಕು, ‘ಇಲ್ಲ’ ಎಂದು ಬರೆಯಬೇಕು. ವಿಜ್ಞಾನದಲ್ಲಿ ಆ ‘ಇಲ್ಲ’ಕ್ಕೂ ‘ಇದೆ’ಯಷ್ಟೇ ಬೆಲೆ.

ಈ ಕೆಲಸ ಮಾಡುವವರಾರು? ಹಕ್ಕಿಗಳು ಹೊರಡುವ ತಿಂಗಳಲ್ಲೇ ನಿಮಗೆ ಪರೀಕ್ಷೆಯ ಗಡಿಬಿಡಿ! ಓದು ಬಿಟ್ಟು ಕೆರೆಗೆ ಹೋಗಿ ಎಂದರೆ ನಿಮ್ಮ ತಂದೆತಾಯಿಗಳು ನನ್ನನ್ನು ಸುಮ್ಮನೆ ಬಿಡಲಾರರು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು. ಹೊಸಕೋಟೆಯೇ ಆಗಬೇಕಿಲ್ಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲದ ಸುತ್ತ ನಿಮ್ಮೂರಿಗೊಂದು ಕೆರೆ ಇದ್ದೇ ಇದೆ. ಮನೆಯಲ್ಲಿ ಹೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಸೂರ್ಯ ಬೆನ್ನ ಹಿಂದಿರುವಂತೆ ಏರಿಯ ಮೇಲೆ ಒಂದೇ ಜಾಗದಲ್ಲಿ ನಿಲ್ಲಿ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ, ಎರಡೇ ಬಗೆಯ ಹಕ್ಕಿಗಳನ್ನು ಗುರುತು ಮಾಡಿಕೊಳ್ಳಿ. ಹಿಂಡು ದೊಡ್ಡದಾದರೆ ಮೊದಲು ಹತ್ತನ್ನು ಎಣಿಸಿ, ಅಂಥ ಹತ್ತುಗಳು ಎಷ್ಟೆಂದು ನೋಡಿ. ದಿನಾಂಕ, ವೇಳೆ, ಸಂಖ್ಯೆ, ಕೆಸರಿನ ಅಂಚು ಕಾಣುತ್ತಿದೆಯೇ ಎಂಬುದನ್ನು ಅಲ್ಲೇ ಬರೆಯಿರಿ. ಟಿಟ್ಟಿಭ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಗೂಡು ಹತ್ತಿರದಲ್ಲಿದೆಯೆಂದು ತಿಳಿದು ಹಿಂದೆ ಸರಿಯಿರಿ.

ನಮ್ಮ ಕಾರ್ಯಕ್ರಮ ಮುಂದಿನ ಜನವರಿಯಲ್ಲಿ ಸಿದ್ಧವಾಯಿತು. ಬಾತುಗಳು ಮರಳಿ ಬಂದಿದ್ದವು, ಚಿತ್ರಗಳೂ ಚೆನ್ನಾಗಿ ಬಂದವು. ಆದರೆ ಬಲೆ ಬಿಡಿಸುತ್ತಿದ್ದ ಆ ಹಿರಿಯರ ಪ್ರಶ್ನೆಗೆ ಉತ್ತರ ನನ್ನ ಕ್ಯಾಮೆರಾದಲ್ಲಿ ಸಿಗಲಿಲ್ಲ. ಹಕ್ಕಿಗಳು ಹೇಳಿ ಹೋಗುವುದಿಲ್ಲ, ನಿಜ. ವಾರ ವಾರವೂ ಹೋಗಿ ನೋಡಿ ಬರೆದವರ ನೋಟ್‌ಪುಸ್ತಕ ಮಾತ್ರ ಅದನ್ನು ಹೇಳಬಲ್ಲದು. ಈ ವಸಂತದಲ್ಲಿ ಅಂಥದೊಂದು ಪುಸ್ತಕ ನಿಮ್ಮದಾಗಲಿ.