ಮಳೆಗೆ ಮುಂಚೆ ಮನೆಯ ಸಿದ್ಧತೆ

(ಕೊಡ್ಲಿಪೇಟೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆಯ ಬತ್ತ, ಗೊಬ್ಬರಗಳ ವಿಷಯ ಹೇಳಲು ಎಷ್ಟೋ ಸಲ ತಮ್ಮ ಮುಂದೆ ನಿಂತಿದ್ದೇನೆ. ಈ ದಿನ ಗದ್ದೆಯ ಮಾತಲ್ಲ, ಮನೆಯ ಮಾತು. ರೋಹಿಣಿ ಮಳೆ ಹುಟ್ಟುವ ಮೊದಲೇ ಸಸಿಮಡಿ ಎಲ್ಲಿ, ನಾಟಿಗೆ ಆಳು ಯಾರು ಎಂದು ಗೊತ್ತುಮಾಡಿಕೊಳ್ಳುವ ನಾವು, ಆಪತ್ತು ಬಂದರೆ ಎಲ್ಲಿಗೆ ಹೋಗಬೇಕು, ಯಾರು ಏನು ಮಾಡಬೇಕು ಎಂಬುದನ್ನು ಮಾತ್ರ ಗೊತ್ತುಮಾಡಿಕೊಳ್ಳುವುದಿಲ್ಲ.

ನಮ್ಮ ಜಿಲ್ಲೆಗೆ ಮಳೆ ಹೊಸದಲ್ಲ. ಆದರೆ 2018ರ ಆಗಸ್ಟಿನಲ್ಲಿ ಸುರಿದ ಮಳೆಗೆ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ತೋಟ, ಮನೆಗಳ ಸಮೇತ ಜಾರಿ ಬಂದುವು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ಆಯಿತು. 2018ರ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಮಳೆಯೊಂದನ್ನೇ ದೂರಲಿಲ್ಲ. ಮನೆಗೆ, ರಸ್ತೆಗೆ ಗುಡ್ಡವನ್ನು ಕಡಿದದ್ದೂ ಕಾರಣವೆಂದರು.

ಆ ವರ್ಷ ನಾನು ಡಿಪ್ಲೊಮಾ ಓದುತ್ತಿದ್ದೆ, ಊರಿಗೆ ಬಂದಿದ್ದೆ. ಸಂಜೆ ಹಿತ್ತಲಿನ ಬರೆಯ ಮೇಲೆ ಬೆರಳು ತೂರುವಷ್ಟು ಬಿರುಕು ಕಂಡಿತು. ‘ಬೆಳಿಗ್ಗೆ ನೋಡೋಣ’ ಎಂದೆವು. ನಡುರಾತ್ರಿ ಮಣ್ಣು ಉದುರುವ ಸದ್ದಾದಾಗ ಕರೆಂಟಿರಲಿಲ್ಲ. ತಂದೆಯವರು ಕತ್ತಲಲ್ಲಿ ಜಮೀನಿನ ಕಾಗದ ಹುಡುಕಿದರು. ತಾಯಿ ಅಜ್ಜಿಯ ಮಾತ್ರೆ ಹುಡುಕಿದರು. ದನದ ಹಗ್ಗವನ್ನು ಅಣ್ಣ ಬಿಚ್ಚಿರುತ್ತಾನೆಂದು ನಾನು, ನಾನು ಬಿಚ್ಚಿರುತ್ತೇನೆಂದು ಅಣ್ಣ. ನಾವು ಅಂಗಳ ದಾಟಿದ ಸ್ವಲ್ಪ ಹೊತ್ತಿಗೆ ಬರೆ ಜರಿದು ಕೊಟ್ಟಿಗೆಯನ್ನು ಮುಚ್ಚಿತು. ಮನುಷ್ಯರು ಉಳಿದೆವು, ಕರೆಯುವ ಹಸು, ಅದರ ಕರು ಉಳಿಯಲಿಲ್ಲ. ಒಂದು ಮಾತನ್ನು ಮೊದಲೇ ಆಡಿಕೊಂಡಿದ್ದರೆ ಅವೂ ಉಳಿಯುತ್ತಿದ್ದುವು.

ಆದುದರಿಂದ ಬಿಸಿಲಿರುವಾಗಲೇ ಮನೆಮಂದಿಯೆಲ್ಲ ಕುಳಿತು ನಾಲ್ಕು ವಿಷಯ ತೀರ್ಮಾನಿಸಿರಿ.

ಒಂದು, ಹೋಗುವ ಜಾಗ. ಹೊಳೆ, ತೋಡು ದಾಟದೆ, ಬರೆಯ ಅಡಿಯಲ್ಲಿ ಹಾಯದೆ ಸೇರಬಹುದಾದ ನೆಂಟರ ಮನೆಯೋ ಶಾಲೆಯೋ ಆಗಿರಲಿ. ಹಗಲಿನಲ್ಲಿ ಒಮ್ಮೆ ನಡೆದು ನೋಡಿರಿ.

ಎರಡು, ಕೆಲಸದ ಹಂಚಿಕೆ. ಮುದುಕರ ಕೈ ಹಿಡಿಯುವವರು, ಮಗುವನ್ನು ಎತ್ತಿಕೊಳ್ಳುವವರು, ದನ ಬಿಡುವವರು ಯಾರೆಂದು ಹೆಸರು ಹಿಡಿದು ಹೇಳಿರಿ. ಮಳೆ ಬಿಡದೆ ಹೊಡೆಯುವ ದಿನ ದನಗಳನ್ನು ಬರೆಯ ಬುಡದಲ್ಲಿ ಕಟ್ಟಲೇಬೇಡಿರಿ.

ಮೂರು, ಒಂದು ಚೀಲ. ಪಹಣಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿರಿ. ಜೊತೆಗೆ ನಿತ್ಯದ ಮಾತ್ರೆ, ಟಾರ್ಚು, ಸ್ವಲ್ಪ ಹಣ, ಅವಲಕ್ಕಿ, ಬೆಲ್ಲ, ನೀರು, ಒಣಬಟ್ಟೆ ಇರಲಿ. ಬಾಗಿಲ ಬಳಿಯ ಮೊಳೆಯೇ ಅದರ ಜಾಗ.

ನಾಲ್ಕು, ಬರೆಯ ನೀರು. ಬರೆಯ ಮೇಲೆ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ಹರಿಸಿರಿ. ಬುಡವನ್ನು ಮತ್ತೆ ಕಡಿಯಬೇಡಿರಿ. ತೋಟಕ್ಕೆ ಇಂಗುಗುಂಡಿ ಒಳ್ಳೆಯದೇ. ಆದರೆ ಮನೆಯ ನೆತ್ತಿಯ ಮೇಲಿನ ಇಳಿಜಾರಿನಲ್ಲಿ ಬೇಡ. ಅಲ್ಲಿ ಇಂಗಿದ ನೀರು ಮಣ್ಣನ್ನು ಭಾರಮಾಡಿ ಸಡಿಲಿಸುತ್ತದೆ.

ಗುಡ್ಡ ಎಷ್ಟೋ ಸಲ ಮುನ್ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇಲ್ಲದ ಕಡೆ ಎದ್ದ ಒರತೆ, ಬಿಗಿಯಾದ ಬಾಗಿಲು, ಏಕಾಏಕಿ ಕೆಂಪಾದ ಅಥವಾ ಬತ್ತಿದ ತೋಡು, ಇವುಗಳಲ್ಲಿ ಒಂದು ಕಂಡರೂ ಆಗಲೇ ಹೊರಡಿರಿ. ಬೆಳಗಾಗಲಿ ಎನ್ನಬೇಡಿರಿ.

ಹೇಮಾವತಿ ತುಂಬಿ ಸೇತುವೆಯ ಮೇಲೆ ನೀರು ಹರಿಯುವಾಗ ಕಾಲ್ನಡಿಗೆಯಲ್ಲಾಗಲಿ, ಬೈಕು, ಜೀಪಿನಲ್ಲಾಗಲಿ ದಾಟಬಾರದು. ಬಿದ್ದ ಕರೆಂಟು ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಿರಿ. ತುರ್ತು ಸಹಾಯಕ್ಕೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸಿಗೆ 108. ಈ ಅಂಕೆಗಳನ್ನು ಗೋಡೆಯ ಮೇಲೆ ಮಕ್ಕಳ ಕೈಯಿಂದಲೇ ಬರೆಸಿರಿ.

ಮಳೆ ನಿಂತ ಮೇಲೂ ಅವಸರದಿಂದ ಮನೆ ಸೇರಬೇಡಿರಿ. ನೆನೆದ ಬರೆ ಬಿಸಿಲಿನಲ್ಲೂ ಜರಿಯುತ್ತದೆ. ಬಾವಿಯ ನೀರನ್ನು ಕುದಿಸಿ ಕುಡಿಯಿರಿ. ಭೇದಿಯಾದವರಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಿರಿ, ವೈದ್ಯರಿಗೆ ತೋರಿಸಿರಿ.

ಮುಂದಿನ ಸಲ ತಮ್ಮ ಮನೆಗೆ ಬಂದಾಗ ನಾನು ಮೊದಲು ಕೇಳುವುದು ಬೆಳೆಯ ವಿಷಯವಲ್ಲ. ಚೀಲ ಎಲ್ಲಿದೆ, ದನ ಬಿಡುವವರು ಯಾರು ಎಂದೇ ಕೇಳುತ್ತೇನೆ. ಮನೆಯ ಚಿಕ್ಕ ಮಗುವೂ ಉತ್ತರ ಹೇಳುವಂತಿರಲಿ.